ಬರೆಯದ ಪರೀಕ್ಷೆಯ ಪ್ರಥಮ ದರ್ಜೆ

ವರ್ಷದಲ್ಲಿ ಕೆಲವು ದಿನ ಆಕೆಯ ಬಲಗೈಯ ಹೆಬ್ಬೆರಳು, ತೋರುಬೆರಳು ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಪೋಲಿಯೊ ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಗುರುತು ಹಚ್ಚುವ ಪೆನ್ನಿನ ಶಾಯಿ ಅದು. ಮಕ್ಕಳು ಕೈ ಕೊಸರುತ್ತಿದ್ದುದರಿಂದ ಅರ್ಧ ಶಾಯಿ ಅವರ ಉಗುರಿಗೆ ಬಿದ್ದರೆ ಇನ್ನರ್ಧ ಈಕೆಯ ಬೆರಳಿಗೆ ಬೀಳುತ್ತಿತ್ತು. ಚರ್ಮದಿಂದ ಬೇಗ ಮಾಸಿದರೂ ಉಗುರಿನ ಬುಡದಲ್ಲಿ ಎರಡು ವಾರ ಉಳಿಯುತ್ತಿತ್ತು. ಅದನ್ನು ಉಜ್ಜಿ ತೆಗೆಯಲು ಆಕೆ ಎಂದೂ ಪ್ರಯತ್ನಿಸಿದವರಲ್ಲ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಹಳೆಯ ಕೋಟೆಯೊಂದರ ಬುಡದಲ್ಲಿರುವ ಊರಿನ ಅಂಗನವಾಡಿಯಲ್ಲಿ ಆಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾರ್ಯಕರ್ತೆಯಾಗಿದ್ದರು. ಊರಿಗೆಲ್ಲ ಟೀಚರಮ್ಮ, ನನಗೂ ಅಷ್ಟೆ. ತವರು ಆಂಧ್ರದ ಗಡಿಗೆ ಹತ್ತಿರದ ಕ್ಯಾತಗಾನಚೆರ್ಲು. ಮನಸ್ಸಿನಲ್ಲಿ ಎಣಿಸುವಾಗ ಮತ್ತು ಕೋಪ ಬಂದಾಗ ತೆಲುಗು, ಉಳಿದಂತೆ ನಮ್ಮ ಕಡೆಯ ಕನ್ನಡ. ಕುರಿ ಹೊಡೆದುಕೊಂಡು ಹೋಗುವ, ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಒಪ್ಪಿಸಿದ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಂಡು, ಅವರ ಹಾಜರಿ, ತೂಕ, ಚುಚ್ಚುಮದ್ದು, ಊರಿನ ಹುಟ್ಟು, ಊರಿನ ಸಾವು ಎಲ್ಲವನ್ನೂ ಬೇರೆ ಬೇರೆ ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದರು. ತಪ್ಪಾದ ಬರಹದ ಮೇಲೆ ಬಿಳಿ ಬಣ್ಣ ಬಳಿಯುತ್ತಿರಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕುತ್ತಿದ್ದರು. "ಬಿಳಿ ಬಳಿದ್ರೆ ಅಡೀಲಿ ಏನೋ ಮುಚ್ಚಿಟ್ಟವ್ರೆ ಅಂತಲೇ ತಾನೆ ಸಾರ್ ಅರ್ಥ," ಎನ್ನುತ್ತಿದ್ದರು.

ಶಾಸನಗಳನ್ನು ಓದುವ ಕೆಲಸದಿಂದ ನಿವೃತ್ತನಾಗಿ ಮಧುಗಿರಿಯಲ್ಲಿ ನೆಲೆಸಿದ ಮೇಲೆ ನಾನು ಆ ಊರಿನ ಬಗ್ಗೆ ಒಂದು ಪುಸ್ತಿಕೆ ಬರೆದೆ. ಕೋಟೆಯ ಬಾಗಿಲ ಬರಹದಿಂದ ಹಿಡಿದು ಇತ್ತೀಚೆಗೆ ಕೆರೆ ಏರಿ ಒಡೆದ ಮಳೆಗಾಲದವರೆಗೆ ಪ್ರತಿಯೊಂದು ವರ್ಷವನ್ನೂ ಎರಡು ಆಧಾರಗಳೊಡನೆ ತಾಳೆ ನೋಡಿದ್ದೇನೆಂಬ ಹೆಮ್ಮೆ ನನಗಿತ್ತು. ಪುಸ್ತಿಕೆ ಹಂಚಿದ ವಾರದಲ್ಲೇ ಟೀಚರಮ್ಮ ಜನನ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು.

"ಸಾರ್, ಕೆರೆ ಒಡೆದ ದಿನ ಹುಟ್ಟಿದ ಮಗು ಇದ್ರಲ್ಲೈತೆ. ನೀವು ಬರ್ದಿರೋ ವರ್ಷಕ್ಕೆ ಅದರ ಅಪ್ಪ ಅಮ್ಮಂಗೆ ಮದುವೇನೇ ಆಗಿರ್ಲಿಲ್ಲ."

ನನ್ನ ಎರಡು ಆಧಾರಗಳೂ ಒಂದೇ ತಪ್ಪು ಪತ್ರಿಕಾ ವರದಿಯಿಂದ ಹುಟ್ಟಿದವೆಂದು ಆಮೇಲೆ ತಿಳಿಯಿತು. ಅಂಗನವಾಡಿಗೆ ಕೊಟ್ಟಿದ್ದ ಪ್ರತಿಯಲ್ಲಿ ಆ ವರ್ಷದ ಮೇಲೆ ಗೆರೆ ಎಳೆಸಿ, ಸರಿಯಾದುದನ್ನು ಬರೆಸಿ, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡೇ ಆಕೆ ಎದ್ದರು. ನಮ್ಮ ಸ್ನೇಹ ಬೆಳೆದದ್ದು ಅಲ್ಲಿಂದ.

ಅಂಗನವಾಡಿ ಕಾರ್ಯಕರ್ತೆಯರಲ್ಲಿ ಪದವಿ ಪಡೆದವರು ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಟೀಚರಮ್ಮನದು ಪಿಯುಸಿ. ವಯಸ್ಸಿನ ಮಿತಿಯೊಳಗೆ ಆಕೆಗೆ ಉಳಿದಿದ್ದುದು ಒಂದೇ ಸುತ್ತಿನ ನೇಮಕಾತಿ. ಅಷ್ಟರೊಳಗೆ ಮೂರು ವರ್ಷದ ಪದವಿ ಮುಗಿಯುವಂತಿರಲಿಲ್ಲ. ಈ ಇಕ್ಕಟ್ಟನ್ನು ಯಾರು ಹೇಗೆ ಮೂಸಿ ಹಿಡಿದರೋ, ಒಂದು ಆನ್‌ಲೈನ್ ಕಾಲೇಜಿನಿಂದ ದಿನಕ್ಕೆ ಮೂರು ಸಲ ಫೋನು ಬರತೊಡಗಿತು. ಅನುಭವಕ್ಕೆ ಎರಡು ವರ್ಷದ ವಿನಾಯಿತಿ, ಒಂದೇ ವರ್ಷದಲ್ಲಿ ಪದವಿ, ಸರ್ಕಾರಿ ಬಡ್ತಿಗೆ ಮಾನ್ಯ, ಎಲ್ಲ ಶುಲ್ಕವೂ ಸೇರಿದೆ, ಇವತ್ತು ಸಂಜೆಯೊಳಗೆ ಸೀಟು ಹಿಡಿಯದಿದ್ದರೆ ನಾಳೆ ಇಲ್ಲ. ಕಟ್ಟಡವೇ ಇಲ್ಲದ, ಒಂದು ಬೆಂಚೂ ಇಲ್ಲದ ಕಾಲೇಜಿನಲ್ಲಿ ಯಾವ ಸೀಟು ತುಂಬಿಹೋಗುತ್ತದೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಕೆ ಅವರ ಬಣ್ಣದ ಪುಸ್ತಕವನ್ನು ನನ್ನ ಮುಂದಿಟ್ಟು, "ನೋಡಿ ಹೇಳಿ ಸಾರ್. ನೀವು ಸರಿ ಅಂದ್ರೆ ಕಟ್ತೀನಿ," ಎಂದರು. ನಾನು ನೋಡಿದೆ. ಅದರಲ್ಲಿದ್ದ ವಿಶ್ವವಿದ್ಯಾಲಯದ ಹೆಸರು ಸರ್ಕಾರಿ ಪಟ್ಟಿಯಲ್ಲಿತ್ತು; ಸ್ಥಾಪನೆಯ ವರ್ಷ ತಾಳೆಯಾಯಿತು. ಸರಿಯಿದೆ ಎಂದೆ. ಆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪ್ರವೇಶ ಕೊಡಲು ಕಾಲೇಜೆಂದು ಹೇಳಿಕೊಂಡ ಈ ಕಂಪನಿಗೆ ಅಧಿಕಾರವಿದೆಯೇ ಎಂಬುದನ್ನು ಮಾತ್ರ ನೋಡಲಿಲ್ಲ. ಜೀವಮಾನವೆಲ್ಲ ಕಲ್ಲಿನ ಮೇಲಿನ ಕೂಟಶಾಸನಗಳನ್ನು, ಎಂದರೆ ನಕಲಿ ಶಾಸನಗಳನ್ನು, ಬಯಲು ಮಾಡಿದವನು ಕಾಗದದ ಮೇಲಿನ ಒಂದನ್ನು ಕೈಯಾರೆ ಒಪ್ಪಿಬಿಟ್ಟೆ.

ಟೀಚರಮ್ಮ ಓದಿದರು. ಬೇಳೆ ಬೇಯುವಾಗ ಫೋನನ್ನು ತೂಕದ ಯಂತ್ರಕ್ಕೆ ಒರಗಿಸಿಟ್ಟು ಪಾಠ ಕೇಳುತ್ತಿದ್ದರು. ಮುಗಿದ ರಿಜಿಸ್ಟರುಗಳ ಖಾಲಿ ಬೆನ್ನಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಇತಿಹಾಸವೆಂದರೆ ಪ್ರಾಣ. ಒಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಕೇಳಿದರು: "ಸಾರ್, ಕೋಟೆಯೋರು ಎಲ್ಲದಕ್ಕೂ ಸುಂಕ ಹಾಕ್ತಿದ್ರು ಅಂತೀರಲ್ಲ, ಕುರಿ ಕಾಯೋರು ಏನು ಕೊಡ್ತಿದ್ರು? ಅವ್ರತ್ರ ದುಡ್ಡೆಲ್ಲಿತ್ತು?" ಆ ಕೋಟೆಯ ಸುತ್ತ ವರ್ಷಗಟ್ಟಲೆ ಅಲೆದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಶುಲ್ಕಗಳು ಆಮೇಲೆ ಒಂದೊಂದಾಗಿ ಹೊರಬಂದವು. ಪಾಠ ನೋಡುವ ಪೋರ್ಟಲಿಗೆ ಬೇರೆ, ನೋಂದಣಿಗೆ ಬೇರೆ. ಪರೀಕ್ಷಾ ಶುಲ್ಕ ಕೇಳಿದ ದಿನ ನಾನು ಅಂಗನವಾಡಿಯಲ್ಲೇ ಇದ್ದೆ. ಟೀಚರಮ್ಮ ಫೋನನ್ನು ಸ್ಪೀಕರಿಗೆ ಹಾಕಿದರು.

"ಎಲ್ಲ ಸೇರಿ ಅಂದಿದ್ರಲ್ಲಮ್ಮ?"

"ಎಲ್ಲ ಅಂದ್ರೆ ಟ್ಯೂಷನ್ ಎಲ್ಲ ಮೇಡಂ. ಎಕ್ಸಾಮ್ ಅದರಲ್ಲಿ ಬರಲ್ಲ."

"ಎಕ್ಸಾಮ್ ಇಲ್ದೆ ಪಾಸು ಹೆಂಗ್ ಮಾಡ್ತೀರಿ?"

ಆ ಕಡೆಯ ಹುಡುಗಿ ನಕ್ಕಳು. ಒಲೆಯ ಮುಂದೆ ಸಾರು ತಿರುವುತ್ತಿದ್ದ ಅಂಗನವಾಡಿ ಸಹಾಯಕಿ, "ಊಟ ಪುಕ್ಕಟೆ ಅಂದ್ಬುಟ್ಟು ತಟ್ಟೆಗೆ ದುಡ್ಡು ಕೇಳ್ದಂಗಾಯ್ತು ಕಣಕ್ಕ," ಎಂದಳು. ಟೀಚರಮ್ಮನೂ ನಕ್ಕು, ತಮ್ಮ ಗೌರವಧನದಲ್ಲಿ ಅದನ್ನೂ ಕಟ್ಟಿದರು. ಹಾಲ್ ಟಿಕೆಟ್ ಮುಂದಿನ ವಾರ ಬರುತ್ತದೆ ಎಂದು ಕಾಲೇಜಿನವರು ಹೇಳಿದರು. ಆ ಮುಂದಿನ ವಾರ ನಾಲ್ಕು ತಿಂಗಳು ಮುಂದುವರಿಯಿತು. ಆಕೆ ಓದುತ್ತಲೇ ಇದ್ದರು.

ಒಂದು ದಿನ ಹಾಲ್ ಟಿಕೆಟಿನ ಬದಲು ಕೊರಿಯರಿನಲ್ಲಿ ದಪ್ಪನೆಯ ಲಕೋಟೆ ಬಂತು. ಅದನ್ನೂ ಒಂದು ಹಳೆಯ ರಿಜಿಸ್ಟರನ್ನೂ ಹಿಡಿದುಕೊಂಡು ಬಸ್ಸಿನಲ್ಲಿ ನೇರವಾಗಿ ನಮ್ಮ ಮನೆಗೆ ಬಂದರು. ನೀರು ಕೊಟ್ಟರೂ ಕುಡಿಯಲಿಲ್ಲ.

"ಸಾರ್, ನಾನು ಪಾಸಾಗಿದೀನಂತೆ."

ಲಕೋಟೆಯಲ್ಲಿ ಪದವಿ ಪ್ರಮಾಣಪತ್ರವಿತ್ತು. ಮೂರೂ ವರ್ಷದ ಅಂಕಪಟ್ಟಿಗಳಿದ್ದವು. ಪರೀಕ್ಷೆಗೆ ಹಾಜರಾಗಿದ್ದಾರೆಂದು ತೋರಿಸುವ ಹಾಳೆಗಳೂ ಇದ್ದವು. ಪ್ರಥಮ ದರ್ಜೆ. ಇತಿಹಾಸದಲ್ಲಿ ಎಪ್ಪತ್ತೊಂದು. ಮೊದಲ ವರ್ಷದ ಇತಿಹಾಸದ ಪರೀಕ್ಷೆಯನ್ನು, ಆ ಕಾಲೇಜಿನ ಹೆಸರನ್ನೇ ಆಕೆ ಕೇಳಿರದ ಕಾಲದ ಒಂದು ಭಾನುವಾರ, ಬೇರೆ ರಾಜ್ಯದ ನಗರವೊಂದರಲ್ಲಿ ಆಕೆ ಬರೆದಿದ್ದರಂತೆ. ಎದುರಿಗೆ ಇಂಗ್ಲಿಷಿನಲ್ಲಿ ಸಹಿ. ಟೀಚರಮ್ಮ ಕನ್ನಡವಲ್ಲದೆ ಬೇರೆ ಅಕ್ಷರದಲ್ಲಿ ಎಂದೂ ಸಹಿ ಮಾಡಿದವರಲ್ಲ.

ನಾನು ಕನ್ನಡಕ ಹಾಕಿಕೊಳ್ಳುವ ಮೊದಲೇ ಆಕೆ ರಿಜಿಸ್ಟರಿನ ಪುಟ ತೆರೆದು ಆ ದಿನಾಂಕದ ಮೇಲೆ ಬೆರಳಿಟ್ಟಿದ್ದರು. ಆ ಭಾನುವಾರ ಪೋಲಿಯೊ ಹನಿಯ ದಿನ. ಪುಟದ ತುಂಬ ಮಕ್ಕಳ ಹೆಸರು, ಆಕೆಯದೇ ಅಕ್ಷರ. ಅಂಚಿನಲ್ಲಿ ನೇರಳೆ ಹೆಬ್ಬೆರಳಿನ ಗುರುತು.

"ಅವತ್ತು ಬೆಳಗ್ಗಿಂದ ಸಂಜೆಗಂಟ ಇದೇ ಕೈಯಲ್ಲಿ ಮಕ್ಕಳ ಬೆರಳು ಹಿಡಿದಿದೀನಿ. ಇದೇ ಕೈಯಲ್ಲಿ ಅಲ್ಲೋಗಿ ಪರೀಕ್ಷೆ ಬರ್ದೆನಾ ಸಾರ್?" ರಿಜಿಸ್ಟರನ್ನು ಮುಚ್ಚಿ ಅಂದರು: "ಓದಿದ್ದೆ. ಬರೆಯೋಕೆ ಬುಡ್ಬೇಕಾಗಿತ್ತು."

ಇಬ್ಬರೂ ಆ ಕಾಲೇಜಿನವರ ಕಚೇರಿಗೆ ಹೋದೆವು. ಮಧುಗಿರಿಯ ಬಸ್ ನಿಲ್ದಾಣದ ಹತ್ತಿರ, ಬೇಕರಿಯೊಂದರ ಮೇಲಿನ ಎರಡು ಕೋಣೆ. ಮ್ಯಾನೇಜರ್ ಎನಿಸಿಕೊಂಡವನು ಎದ್ದು ನಿಂತು ಕುರ್ಚಿ ಕೊಟ್ಟ. ಅಷ್ಟು ಮರ್ಯಾದೆಯನ್ನು ಆ ವ್ಯಾಪಾರ ಕಲಿಸುತ್ತದೆ.

"ಫಸ್ಟ್ ಕ್ಲಾಸ್ ಕೊಟ್ಟಿದೀವಿ ಮೇಡಂ. ಬೇರೆಯವರು ಸ್ವೀಟ್ ಬಾಕ್ಸ್ ತರ್ತಾರೆ. ನೀವು ರಿಜಿಸ್ಟರ್ ತಂದಿದೀರಲ್ಲ?"

"ನನಗೆ ಪ್ರಶ್ನೆಪತ್ರಿಕೆ ಕೊಡಿ. ಇಲ್ಲೇ ಕೂತು ಬರೀತೀನಿ. ಮೂರು ಗಂಟೆ ಗಡಿಯಾರ ಇಟ್ಕೊಂಡು ಎದುರಿಗೆ ಕೂತ್ಕಳಿ."

"ಇಲಾಖೆಯಿಂದ ಯಾರಾದ್ರೂ ಕೇಳಿದ್ರೆ ನಿಜ ಅಂತ ನಾವೇ ಲೆಟರ್ ಕೊಡ್ತೀವಿ ಮೇಡಂ. ಅದಕ್ಕೊಂದು ಸಣ್ಣ ಫೀ ಇರುತ್ತೆ, ಅಷ್ಟೆ."

ಟೀಚರಮ್ಮ ಎದ್ದರು. "ಸಿಗ್ಗು ಲೇದಾ ಮೀಕು?" ಎಂದರು. ನಿಮಗೆ ನಾಚಿಕೆಯಿಲ್ಲವೇ ಎಂದು ಕೇಳಿದ್ದು ಅವನಿಗೆ ಅರ್ಥವಾಯಿತು. ಅವನೂ ಗಡಿಯ ಕಡೆಯವನೇ.

ಇಂಥ ವ್ಯವಹಾರವನ್ನು ನಾವು ಮೋಸವೆಂದು ಕರೆದು ಸುಮ್ಮನಾಗುತ್ತೇವೆ. ಸಿಕ್ಕಿಬಿದ್ದವರನ್ನು ಅಡ್ಡದಾರಿಯ ಆಸೆಯವರೆಂದು ಜರೆಯುತ್ತೇವೆ. ನಾನು ಕಂಡದ್ದು ಬೇರೆ. ಅಡ್ಡದಾರಿ ಬೇಕಾಗಿದ್ದವರು ಆ ಲಕೋಟೆ ತೆರೆದು ಸಂತೋಷಪಟ್ಟಿರಬಹುದು. ಈಕೆಗೆ ಇದು ಅಡ್ಡದಾರಿಯೆಂದು ಅವರು ಹೇಳಿರಲೇ ಇಲ್ಲ. ಪಾಠ ಮಾಡುತ್ತೇವೆಂದರು, ಪರೀಕ್ಷೆ ಮಾಡುತ್ತೇವೆಂದರು, ಪರೀಕ್ಷೆಗೆಂದು ಹಣವನ್ನೂ ಪಡೆದರು. ಒಂದು ವರ್ಷ ನಿಷ್ಠೆಯಿಂದ ಓದಿದ ಹೆಂಗಸನ್ನು ಕೊನೆಗೆ ತಮ್ಮ ಕಳ್ಳತನದ ಪಾಲುಗಾರ್ತಿಯನ್ನಾಗಿ ಮಾಡಿ, ಅದಕ್ಕೆ ಕೃತಜ್ಞತೆಯನ್ನೂ ನಿರೀಕ್ಷಿಸಿದರು.

ಅರ್ಜಿಯ ಕೊನೆಯ ದಿನ ಆಕೆ ಆ ಪ್ರಮಾಣಪತ್ರವನ್ನು ಸಲ್ಲಿಸಲಿಲ್ಲ. ಹುದ್ದೆಯ ಆಸೆ ಅಲ್ಲಿಗೆ ಮುಗಿಯಿತು, ಮತ್ತೆ ಬರುವಂತಿರಲಿಲ್ಲ. ಅದರ ಬದಲು ದೂರು ಕೊಟ್ಟರು. ಫೋನು ಬಂದ ದಿನಗಳು, ಹಣ ಕಟ್ಟಿದ ದಿನಗಳು, ಸುಳ್ಳು ಪರೀಕ್ಷೆಯ ದಿನಗಳು, ಅದೇ ದಿನಗಳಲ್ಲಿ ಅಂಗನವಾಡಿಯ ರಿಜಿಸ್ಟರ್ ಹೇಳುವ ನಿಜ: ಈ ಕೋಷ್ಟಕವನ್ನು ನಾನು ಕಟ್ಟಿಕೊಟ್ಟೆ. ದೂರು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಆ ದಿನಾಂಕಗಳನ್ನು ಇಲ್ಲಿ ಕೊಡುತ್ತಿಲ್ಲ. ಬಂದಿರುವುದು ಸ್ವೀಕೃತಿ ಪತ್ರಗಳು ಮಾತ್ರ. ಬೇಕರಿಯ ಮೇಲಿನ ಬೋರ್ಡು ಇಳಿಯಿತು. ಕೆಲವು ತಿಂಗಳಲ್ಲಿ ಶಿರಾದಲ್ಲಿ ಬೇರೆ ಹೆಸರಿನ ಬೋರ್ಡಿನ ಕೆಳಗೆ ಅದೇ ಮ್ಯಾನೇಜರ್ ಕುಳಿತಿದ್ದುದನ್ನು ನಾನೇ ಕಂಡೆ.

ಅದೇ ಕಾಲೇಜಿನ ಪ್ರಮಾಣಪತ್ರ ಪಡೆದಿದ್ದ ಕೊರಟಗೆರೆ ಕಡೆಯ ಒಬ್ಬ ಕಾರ್ಯಕರ್ತೆ ಫೋನು ಮಾಡಿ, "ಅಕ್ಕಾ, ನೀನು ಮೇಲಕ್ಕೆ ಹೋಗ್ದಿದ್ರೆ ಬ್ಯಾಡ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಎಂದು ಅತ್ತಳಂತೆ. ಟೀಚರಮ್ಮ ಅವಳ ಮೇಲೆ ರೇಗಲಿಲ್ಲ. "ನಿನ್ನ ಮೇಲೆ ಕೊಟ್ಟಿಲ್ಲ ಕಣಮ್ಮ. ನಿಂಗೂ ಪರೀಕ್ಷೆ ಬರೆಯೋಕೆ ಬುಡ್ಲಿಲ್ಲ ಅಂತ ಕೊಟ್ಟಿದೀನಿ," ಎಂದರು.

ದೂರು ಕೊಟ್ಟ ಮೇಲೆ ಒಂದು ದಿನ ಆಕೆ, "ನೀವಾದ್ರೂ ಒಂದು ಪ್ರಶ್ನೆಪತ್ರಿಕೆ ಕೊಡಿ ಸಾರ್," ಎಂದು ಕೇಳಿದರು. ತಮಾಷೆಯೆಂದುಕೊಂಡೆ, ಅಲ್ಲ. ನೂರು ಅಂಕಗಳ ಇತಿಹಾಸದ ಪತ್ರಿಕೆ ತಯಾರಿಸಿದೆ. ಒಂದು ಭಾನುವಾರ ಅಂಗನವಾಡಿಯ ಗೋಡೆಯಲ್ಲಿದ್ದ ಅಆಇಈ ಪಟದ ಕೆಳಗೆ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮೇಲೆತ್ತಿ ಕುಳಿತು, ಮೂರು ಗಂಟೆ ತಲೆಯೆತ್ತದೆ ಬರೆದರು. ಹಿಂದಿನ ವಾರದ ಪೋಲಿಯೊ ಶಾಯಿ ಉಗುರಿನ ಬುಡದಲ್ಲಿ ಇನ್ನೂ ಇತ್ತು. ಗಡಿಯಾರ ನೋಡುವ ಕೆಲಸ ಸಹಾಯಕಿಯದು. ಹೊತ್ತು ಮುಗಿದಾಗ ಅವಳು, "ಸಾಕು ಇಡಕ್ಕ, ಇನ್ನೊಂದಕ್ಷರ ಬರೆದ್ರೆ ಕಾಪಿ ಅಂತ ಬರ್ಕೊಂಬುಡ್ತೀನಿ," ಎಂದು ಹೆದರಿಸಿದಳು.

ಮನೆಗೆ ತಂದು ಮೌಲ್ಯಮಾಪನಕ್ಕೆ ಕುಳಿತೆ. ಒಂದು ಉತ್ತರದ ಹೊರತು ಎಲ್ಲವೂ ಎರಡು ದಿನದಲ್ಲಿ ಮುಗಿದವು. ಕುರಿಗಾರರು ಕೋಟೆಗೆ ಏನು ಕೊಡುತ್ತಿದ್ದರೆಂಬ ಆಕೆಯದೇ ಪ್ರಶ್ನೆಯನ್ನು ನಾನು ಪತ್ರಿಕೆಯಲ್ಲಿ ಕೇಳಿದ್ದೆ. ಗಂಡನ ಅಜ್ಜಿ ಹೇಳುತ್ತಿದ್ದ ಮಾತಿನ ಆಧಾರದ ಮೇಲೆ ಆಕೆ, ಹಿಂಡಿಗೊಂದು ಮರಿಯನ್ನು ವರ್ಷಕ್ಕೊಮ್ಮೆ ಕೋಟೆ ಬಾಗಿಲಿಗೆ ಬಿಟ್ಟು ಬರುತ್ತಿದ್ದರೆಂದು ಬರೆದಿದ್ದರು. ಯಾವ ಕಾಲದವರೆಗೆ ಎಂಬುದನ್ನೂ ಸೂಚಿಸಿದ್ದರು. ಆ ಕಾಲವೊಂದನ್ನು ತಾಳೆ ನೋಡದೆ ಅಂಕ ಕೊಡಲು ನನಗೆ ಮನಸ್ಸಾಗಲಿಲ್ಲ. ಹಳೆಯ ಕಡತವೊಂದರ ಪ್ರತಿಗಾಗಿ ದಾಖಲೆಗಳ ಕಚೇರಿಗೆ ಬರೆದು ಕಾಯುತ್ತ ಕುಳಿತೆ.

ಅಂಕ ಎಷ್ಟೆಂದು ಟೀಚರಮ್ಮ ಮೊದಲ ಸಲ ಕೇಳಿದಾಗ, ಒಂದು ಉತ್ತರ ಬಾಕಿಯಿದೆ ಎಂದೆ. "ನೋಡಿ ಸಾರ್, ಅವಸರ ಏನಿಲ್ಲ," ಎಂದರು. ಎರಡನೆಯ ಸಲ, "ಕಾಲೇಜಿನೋರೇ ವಾಸಿ ಸಾರ್, ಬೇಗ ಕಳ್ಸಿದ್ರು," ಎಂದು ನಕ್ಕರು. ಮೂರನೆಯ ಸಲ ಕೇಳಲಿಲ್ಲ. ಬೆಳಿಗ್ಗೆ ಮಕ್ಕಳ ಹಾಜರಿ ಬರೆಯುತ್ತಿದ್ದಾಗ ಎದೆನೋವು ಬಂತು. ಮಧುಗಿರಿಗೆ ಕರೆತರುವ ದಾರಿಯಲ್ಲಿ ಹೋಗಿಬಿಟ್ಟರು.

ಕಾಲೇಜಿನವರು ಪರೀಕ್ಷೆಯಿಲ್ಲದೆ ಅಂಕ ಕೊಟ್ಟರು. ನಾನು ಪರೀಕ್ಷೆ ಬರೆಸಿಕೊಂಡು ಅಂಕ ಕೊಡಲಿಲ್ಲ. ಒಂದು ವಂಚನೆ, ಇನ್ನೊಂದು ಶಿಸ್ತು ಎಂದು ನಾನು ಹೇಳಿಕೊಳ್ಳಬಹುದು. ಆಕೆಗೆ ಎರಡರಿಂದಲೂ ಸಿಕ್ಕಿದ್ದು ಏನೂ ಇಲ್ಲ.

ಕಡತದ ಬಗ್ಗೆ ಉತ್ತರ ಈವರೆಗೂ ಬಂದಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ತಾಳೆ ನೋಡದೆಯೇ ಆ ಉತ್ತರಕ್ಕೆ ಅಂಕ ಬರೆದು, ಕೂಡಿಸಿ, ಸಹಿ ಹಾಕಿ ಅಂಗನವಾಡಿಗೆ ಹೋದೆ. ಸಹಾಯಕಿ ಒಬ್ಬಳೇ ಮಕ್ಕಳಿಗೆ ಬಡಿಸುತ್ತಿದ್ದಳು. ಮರಣ ರಿಜಿಸ್ಟರನ್ನು ತಂದು ತೋರಿಸಿದಳು. ಟೀಚರಮ್ಮನ ಹೆಸರನ್ನು ಅವಳೇ ಬರೆದಿದ್ದಳು. ತಾರೀಖು ಒಮ್ಮೆ ತಪ್ಪಿ, ಗೆರೆ ಎಳೆದು, ಪಕ್ಕದಲ್ಲಿ ಸರಿಯಾಗಿ ಬರೆದು ಸಹಿ ಮಾಡಿದ್ದಳು.

ನಾನು ಉತ್ತರಪತ್ರಿಕೆಯನ್ನು ಅವಳ ಕೈಗೆ ಕೊಟ್ಟೆ.

"ಎಷ್ಟು ಬಂತು ಸಾರ್ ಅಕ್ಕಂಗೆ?"

"ಐವತ್ತೆಂಟು."

"ಪಸ್ಟ್ ಕ್ಲಾಸಾ?"

"ಅಲ್ಲಮ್ಮ. ಎರಡನೇ ದರ್ಜೆ."

ಅವಳು ಹಾಳೆಗಳನ್ನು ತಿರುವಿ ನೋಡಿ, ಕೈ ಒರೆಸಿಕೊಂಡು, ರಿಜಿಸ್ಟರುಗಳ ಬೀರುವಿನಲ್ಲಿ ಮೇಲಿನ ಸಾಲಿಗೆ ಇಟ್ಟಳು.

"ಅಂಗಾರೆ ಇದು ಅಕ್ಕಂದೇ ಬುಡಿ ಸಾರ್," ಎಂದಳು.