ಸಮಾಧಾನ ಇದೆ ಎಂದು ಹೇಳುತ್ತಿದ್ದೆ

ತಂಗಿ ತೀರಿಕೊಂಡ ಮೇಲೆ ವಾಡಿಯ ಚರ್ಚಿನಲ್ಲಿ ನನಗೊಂದು ಹೆಸರು ಬಂತು: ಗಟ್ಟಿ ವಿಶ್ವಾಸದವಳು. ಆ ಹೆಸರನ್ನು ಕಟ್ಟಿಕೊಂಡವಳು ನಾನೇ. ಸಾಕ್ಷಿ ಹೇಳುವವರು ಏಳಬಹುದು ಎಂದು ಪಾದ್ರಿಗಳು ಅಂದಾಗಲೆಲ್ಲ ಎದ್ದು ನಿಂತು, "ಕರ್ತನು ನನಗೆ ಸಮಾಧಾನ ಕೊಟ್ಟಿದ್ದಾನೆ" ಎನ್ನುತ್ತಿದ್ದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನಿರುವುದು ಸೇಡಂನಲ್ಲಿ. ನರ್ಸ್ ಕೆಲಸ, ಬಾಡಿಗೆಯ ಒಂದು ಕೋಣೆ, ಮದುವೆಯಾಗಿಲ್ಲ. ತಂಗಿಯ ಮನೆ ವಾಡಿಯಲ್ಲಿತ್ತೆಂದೇ ಭಾನುವಾರ ರೈಲು ಹಿಡಿದು ಅಲ್ಲಿಯ ಚರ್ಚಿಗೆ ಹೋಗುವ ರೂಢಿ ಬಿದ್ದಿತ್ತು. ಆರಾಧನೆ ಮುಗಿದ ಮೇಲೆ ಅವಳ ಮನೆಯಲ್ಲಿ ಊಟ, ಹರಟೆ, ಒಂದಿಷ್ಟು ಜಗಳ. ಕಾಮಾಲೆ ಅವಳನ್ನು ನೋಡನೋಡುತ್ತಲೇ ಒಯ್ದಿತು. ಅವಳ ಗಂಡ ಮನೆ ಖಾಲಿ ಮಾಡಿ ನಾಲವಾರದ ಅಣ್ಣನ ಹತ್ತಿರ ಹೋದ. ನಾನು ಮಾತ್ರ ಚರ್ಚು ಬಿಡಲಿಲ್ಲ.

ಬಿಟ್ಟದ್ದು ಪ್ರಾರ್ಥನೆಯನ್ನು. ಕೋಣೆಯಲ್ಲಿ ಮೊಣಕಾಲೂರಿದರೆ ಮಾತೇ ಬರುತ್ತಿರಲಿಲ್ಲ. ಅವಳ ಹಾಸಿಗೆಯ ಪಕ್ಕ ಅಷ್ಟು ಅಂಗಲಾಚಿದ್ದೆನಲ್ಲ, ಅದನ್ನು ಕೇಳಿಸಿಕೊಳ್ಳದವನ ಹತ್ತಿರ ಇನ್ನೇನು ಮಾತು? ಹಾಗೆಂದು ಅವನಿಗೆ ಹೇಳಲೂ ಭಯ. ದೇವರ ಮುಂದೂ ಮರ್ಯಾದೆ ಕಾಪಾಡಿಕೊಂಡಿದ್ದೆ. ಕೋಣೆಯಲ್ಲಿ ಒಂಟಿ, ಚರ್ಚಿನಲ್ಲಿ, ಅಷ್ಟು ಜನರ ನಡುವೆ, ಇನ್ನಷ್ಟು ಒಂಟಿ.

ಕಳೆದ ಮಳೆಗಾಲದ ಒಂದು ಭಾನುವಾರ ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಎಲ್ಲರೂ ಒಟ್ಟಿಗೆ ಪಾಪನಿವೇದನೆ ಹೇಳುತ್ತಿದ್ದೆವು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತುಗಳು. ಅರ್ಧಕ್ಕೆ ನನ್ನ ದನಿ ನಿಂತಿತು. ರೊಟ್ಟಿ ತೆಗೆದುಕೊಳ್ಳಲು ಎಲ್ಲರೂ ಮುಂದೆ ಹೋದಾಗ ನಾನು ಏಳಲಿಲ್ಲ.

ಪಕ್ಕದಲ್ಲಿ ಕೂಡುತ್ತಿದ್ದ ಮುದುಕಿ ಅದನ್ನು ನೋಡಿದ್ದರು. ಶಹಾಬಾದಿನವರು, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಸ್ಟೇಷನ್ನಿನಲ್ಲಿ ಇಬ್ಬರೂ ನಮ್ಮ ನಮ್ಮ ರೈಲಿಗಾಗಿ ಕಾಯುತ್ತಿದ್ದಾಗ ಕೇಳಿದರು:

"ಯಾಕವ್ವ, ಇವತ್ತ ರೊಟ್ಟಿ ತಗೊಳ್ಳಿಲ್ಲ? ಆರಾಮ ಇಲ್ಲೇನು?"

"ಆರಾಮ ಅದೀನ್ರಿ ದೊಡ್ಡಮ್ಮ," ಎಂದೆ. ಹೇಳಿದ ಮರುಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ಇಲ್ರಿ, ಸುಳ್ಳ ಹೇಳಾಕತ್ತೀನಿ. ನಂಗ ಸಮಾಧಾನ ಇಲ್ಲ. ದೇವರ ಮ್ಯಾಲ ಭಾಳ ಸಿಟ್ಟದ. ಪ್ರಾರ್ಥನಾ ಮಾಡೋದೇ ಬಿಟ್ಟೀನಿ."

ಯಾವುದಾದರೂ ಬೈಬಲ್ ವಚನ ಹೇಳುತ್ತಾರೆಂದುಕೊಂಡೆ. ಹೇಳಲಿಲ್ಲ. ಹಳಿಗಳ ಕಡೆ ನೋಡುತ್ತ ತಮ್ಮ ಮಾತನ್ನೇ ತೆಗೆದರು:

"ನೀ ಎದ್ದು ಸಾಕ್ಷಿ ಹೇಳ್ದಾಗೆಲ್ಲ ನಂಗ ಹೊಟ್ಟಿಕಿಚ್ಚು ಆಗ್ತಿತ್ತವ್ವ. ನನ್ನ ಮಗ ನನ್ನ ಕೂಡ ಮಾತು ಬಿಟ್ಟು ವರ್ಷಗಟ್ಟಲೆ ಆತು. ಈಕಿಗಿ ಕೊಟ್ಟ ಸಮಾಧಾನ ನಂಗ್ಯಾಕ ಕೊಡವಲ್ಲಿ ಅಂತ ಮನಿಗಿ ಹೋಗಿ ಕರ್ತನ ಮುಂದ ಅಳ್ತಿದ್ದೆ."

ನನ್ನ ಸುಳ್ಳು ಯಾರಿಗೂ ತಾಗುವುದಿಲ್ಲ ಎಂದುಕೊಂಡಿದ್ದೆ. "ತಪ್ಪಾತ್ರಿ," ಎಂದೆ. ಅವರು ನನ್ನ ಕೈ ಹಿಡಿದುಕೊಂಡು, ಅಲ್ಲೇ ಬೆಂಚಿನ ಮೇಲೆ ಕಣ್ಣು ಮುಚ್ಚಿದರು.

"ಕರ್ತಾ, ಇಬ್ಬರದೂ ಮನಸ್ಸು ಸರಿ ಇಲ್ಲ. ಹಾಂಗೇ ಬಂದೀವಿ."

ಅಷ್ಟೇ ಪ್ರಾರ್ಥನೆ. ನನ್ನ ರೈಲು ಬಂತು.

ಅವತ್ತು ಸಂಜೆ ಕೋಣೆಗೆ ಬಂದು, ಮೊಣಕಾಲೂರದೆ ಕುರ್ಚಿಯ ಮೇಲೆ ಕುಳಿತೇ, ದೇವರಿಗೆ ಎಲ್ಲವನ್ನೂ ದನಿ ತೆಗೆದು ಹೇಳಿದೆ. ನೀನು ಮೋಸ ಮಾಡಿದೆ ಎಂದೂ ಅಂದೆ. ನಿನ್ನ ಹೆಸರಿನಲ್ಲಿ ನಾನು ಸುಳ್ಳಾಡಿದೆ, ಕ್ಷಮಿಸು ಎಂದೂ ಕೇಳಿಕೊಂಡೆ. ಉತ್ತರವೇನೂ ಬರಲಿಲ್ಲ. ಆದರೆ ಗೋಡೆಯ ಮುಂದೆ ಮಾತಾಡಿದೆ ಎಂದು ಅನ್ನಿಸಲಿಲ್ಲ.

ಚಳಿಗಾಲದಲ್ಲಿ ದೊಡ್ಡಮ್ಮನನ್ನು ಅವರ ಮಗಳು ತನ್ನೂರಿಗೆ ಕರೆದುಕೊಂಡು ಹೋದಳು. ಚರ್ಚಿನಲ್ಲಿ ಈಗ ನನ್ನ ಪಕ್ಕ ಯಾರೂ ಕೂಡುವುದಿಲ್ಲ. ಭಾನುವಾರದ ಮಧ್ಯಾಹ್ನ ಸ್ಟೇಷನ್ನಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿ ಉಣ್ಣುತ್ತೇನೆ. ಡ್ಯೂಟಿಯಿಂದ ಬಂದು ಚಹಾಕ್ಕೆ ನೀರಿಟ್ಟು ದೇವರ ಜೊತೆ ಮಾತಾಡುತ್ತೇನೆ. ಕೆಲವು ದಿನ ಬಹಳ ಮಾತಿರುತ್ತದೆ. ಕೆಲವು ದಿನ, "ಇವತ್ತ ತಂಗಿ ಭಾಳ ನೆನಪಾದಳು" ಎಂದಷ್ಟೇ ಹೇಳಿ ಚಹಾ ಸೋಸಿಕೊಳ್ಳುತ್ತೇನೆ.