ಅರ್ಧ ಮಣ್ಣು, ಅರ್ಧ ಸಿಮೆಂಟು

ಭಾನುವಾರ, ಜೂನ್ ಎಂಟು. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತಿದ್ದೇನೆ. ಆಳಂದದ ನಮ್ಮ ಓಣಿಯ ತಾಲೀಮಿನಿಂದ, ಅಂದರೆ ಕುಸ್ತಿಯ ಗರಡಿಯಿಂದ, ಈಗಷ್ಟೇ ಬಂದೆ. ಅಂಗಿಗೆ ಎರಡು ವಾಸನೆ ಅಂಟಿಕೊಂಡಿವೆ: ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದ ಕೆಂಪು ಮಣ್ಣಿನದೊಂದು, ರಬ್ಬರಿನದೊಂದು. ಒಂದೇ ಕೋಣೆಯಲ್ಲಿ ಇವೆರಡೂ ಹೇಗೆ ಸೇರಿದವೆಂದು ನೀವು ಕೇಳಿದರೆ, ಎಂದೂ ನಡೆಯದ ಒಂದು ಬಾಕ್ಸಿಂಗ್ ಪಂದ್ಯದ ಕಥೆ ಹೇಳಬೇಕಾಗುತ್ತದೆ. ಪಂದ್ಯದ ತಾರೀಖು ನನ್ನ ಡೈರಿಯಲ್ಲಿದೆ. ಆಡಿದವರಿಗೆ ಮಾತ್ರ ಅದರ ಸುದ್ದಿಯೇ ಇಲ್ಲ.

ತಾಲೀಮಿನ ಗೋಡೆಯ ಮೇಲೆ ಹನುಮಂತನ ಎಡಬಲಕ್ಕೆ ಇಬ್ಬರು ಹೆವಿವೇಟ್ ಬಾಕ್ಸರುಗಳಿದ್ದಾರೆ. ಎಡಕ್ಕೆ ಕಪ್ಪು-ಬಿಳುಪಿನ ಮೀಸೆಯವನು. ಮುಷ್ಟಿಗಳನ್ನು ಸೊಂಟದ ಹತ್ತಿರ ಹಿಡಿದು, ಫೋಟೋ ಬೇಗ ತೆಗೆಯಪ್ಪ ಎನ್ನುವಂತೆ ನಿಂತಿದ್ದಾನೆ. ಹಳೆಯ ಕ್ಯಾಲೆಂಡರಿನಲ್ಲಿ ಅವನನ್ನು ಹೈದರಾಬಾದಿನಿಂದ ತಂದವರು ನಮ್ಮ ವಸ್ತಾದ, ಕುಸ್ತಿಯ ಗುರು, ಶರಣಪ್ಪನವರು. ಬಲಕ್ಕೆ ಬಣ್ಣದವನು, ಎದೆಯ ಮೇಲೆ ಹಚ್ಚೆ, ಬೆವರಿಗೂ ಪಾಲಿಶ್. ಅವನನ್ನು ಅಂಟಿಸಿದವನು ವಸ್ತಾದರ ಅಣ್ಣನ ಮಗ ಸಿದ್ದು. ಸೊಲ್ಲಾಪುರದ ಜಿಮ್ಮಿನಲ್ಲಿ ಕೆಲಸ ಕಲಿತು ಬಂದವನು. ಬಾಕ್ಸರುಗಳ ಹೆಸರು ಯಾರಿಗೂ ಗೊತ್ತಿಲ್ಲ. ನಮಗೆ ಒಬ್ಬ ಮೀಸೆಯವ, ಒಬ್ಬ ಹಚ್ಚೆಯವ. ನಡುವೆ ನೂರು ವರ್ಷದ ಅಂತರವಿದ್ದರೂ ಇದ್ದೀತು.

ನಾಲ್ಕು ವರ್ಷದ ಹಿಂದೆ ಸಿದ್ದು, ಮಣ್ಣು ತೆಗೆಸಿ ಸಿಮೆಂಟು ಹಾಕಿಸಿ ಜಿಮ್ ಮಾಡುತ್ತೇನೆಂದ. ಜಾಗ ಇಬ್ಬರಿಗೂ ಸೇರಿದ್ದು. ಪ್ರಾಯದಿಂದಲೂ ಆ ಮಣ್ಣನ್ನು ಗುದ್ದಲಿಯಿಂದ ಮಗುಚಿದ ವಸ್ತಾದರಿಗೆ, ಬೆಳಗಾದರೆ ಬೇರೆಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಅವನೊಂದಿಗೆ ಮಾತು ಬಿಟ್ಟರು. ನಮ್ಮ ಓಣಿಯವರು ಬುದ್ಧಿವಂತರು. ಮನೆಯವರು ಜಗಳವಾಡಿದರೆ ಮನೆ ಒಡೆಯುತ್ತದೆ, ಗೋಡೆಯ ಮೇಲಿನವರು ಆಡಲಿ ಎಂದು ತೀರ್ಮಾನಿಸಿದರು. ಮೀಸೆಯವ ಗೆದ್ದರೆ ಮಣ್ಣು, ಹಚ್ಚೆಯವ ಗೆದ್ದರೆ ಸಿಮೆಂಟು.

ಕುಸ್ತಿಗೆ ಪಂಚರು ಪರಊರಿನವರಾಗಿರಬೇಕೆಂಬುದು ನಮ್ಮ ಪದ್ಧತಿ. ಅಫಜಲಪುರದಿಂದ ಒಬ್ಬರು, ಜೇವರ್ಗಿಯಿಂದ ಒಬ್ಬರು ಬಂದರು. ಅಫಜಲಪುರದವರು ವಸ್ತಾದರ ಬೀಗರು. ಜೇವರ್ಗಿಯವರದು ಸಿಮೆಂಟಿನ ಅಂಗಡಿ. ಇದಕ್ಕಿಂತ ಹೆಚ್ಚಿನ ನಿಷ್ಪಕ್ಷಪಾತವನ್ನು ನಮ್ಮ ತಾಲ್ಲೂಕು ಕಂಡಿಲ್ಲ.

ಬಾಕ್ಸಿಂಗ್ ನೋಡಿದವನು ಸಿದ್ದು ಒಬ್ಬನೇ, ಅದೂ ಮೊಬೈಲಿನಲ್ಲಿ. ಆದ್ದರಿಂದ ನಿಯಮ ಕುಸ್ತಿಯದೇ ಎಂದಾಯಿತು: ಬೆನ್ನು ನೆಲಕ್ಕೆ ತಾಗಿದವನು ಸೋತ. ಇಬ್ಬರೂ ಯಾವ ವಯಸ್ಸಿನಲ್ಲಿ, ಯಾವ ಕಾಲದಲ್ಲಿ ಎದುರಾಗುತ್ತಾರೆಂದು ನಾನು ಕೇಳಿದೆ. ಯಾವ ಕಾಲದ್ದೆಂದು ತಿಳಿಯದ ಪಂದ್ಯವನ್ನು ಬರೆದುಕೊಳ್ಳುವುದು ಹೇಗೆ? ಡಿಗ್ರಿ ಓದಿದವರು ನಡುವೆ ಬಾಯಿ ಹಾಕಬಾರದೆಂದು ಜೇವರ್ಗಿಯವರು ಅಪ್ಪಣೆ ಕೊಟ್ಟರು.

ಸಿದ್ದು ಒಂದು ಹೊಡೆತ ಹೇಳುವುದು, ವಸ್ತಾದರು ಅದಕ್ಕೊಂದು ಪಟ್ಟು ಹೇಳುವುದು, ಹೀಗೆ ಪಂದ್ಯ ಸಾಗಿತು. ಹಚ್ಚೆಯವನ ಗುದ್ದು ದವಡೆಯ ಹತ್ತಿರ ಬರುವಷ್ಟರಲ್ಲಿ ಮೀಸೆಯವ ಆ ತೋಳನ್ನೇ ಹಿಡಿದು, ಅಗಸ ಬಟ್ಟೆ ಒಗೆದಂತೆ ಒಗೆದುಬಿಟ್ಟಿದ್ದ.

“ಕಾಕಾ, ಬಾಕ್ಸಿಂಗಿನ್ಯಾಗ ಹಿಡಿಯಂಗಿಲ್ಲ,” ಎಂದ ಸಿದ್ದು.

“ಹಿಡಿಯಂಗಿಲ್ಲಂದ್ರ ಅದೆಂಥಾ ಆಟಲೇ? ದೂರ ನಿಂತು ಹೊಡಿಯಾಂವ ಪೈಲ್ವಾನ ಅಲ್ಲ, ಮಂಗ್ಯಾಗ ಕಲ್ಲ ಒಗಿಯಾಂವ.”

ಜನ ನಕ್ಕರು. ಅಫಜಲಪುರದವರು ಸ್ವಲ್ಪ ಹೆಚ್ಚೇ ನಕ್ಕರು. ಸಿದ್ದುವಿನ ಮುಖ ಕೆಂಪಾಯಿತು.

“ನಿಮ್ಮ ಮೀಸ್ಯಾಂವಗ ವಯಸ್ಸಾಗ್ಯಾದ ಕಾಕಾ. ಮಲಗಾಕ ಹೇಳ್ರಿ.”

ಆಗ ಯಾರೂ ಗೋಡೆಯ ಕಡೆ ನೋಡಲಿಲ್ಲ. ಎಲ್ಲರೂ ವಸ್ತಾದರ ಬಿಳಿ ಮೀಸೆಯನ್ನೇ ನೋಡಿದರು. ಅವರು ಬಾಗಿ ಒಂದು ಹಿಡಿ ಮಣ್ಣು ತೆಗೆದು ಸಿದ್ದುವಿನ ಅಂಗೈಯಲ್ಲಿ ಇಟ್ಟರು. ಕುಸ್ತಿ ಶುರುವಾಗುವುದು ಹಾಗೆಯೇ. ಮಣ್ಣು ಹಿಡಿದವನು ಆಡಲೇಬೇಕು.

“ಬಾ, ನೀನ ಮಲಗಸು,” ಎಂದರು.

ಸಿದ್ದು ಅದನ್ನು ಕೆಳಗೆ ಚೆಲ್ಲಲೂ ಇಲ್ಲ, ಮೈಗೆ ಹಚ್ಚಿಕೊಳ್ಳಲೂ ಇಲ್ಲ. ಹಿಡಿದುಕೊಂಡೇ ನಿಂತ. ಕಲ್ಪನೆಯ ಪಂದ್ಯಕ್ಕೆ ಬಂದ ಪಂಚರಿಗೆ ನಿಜವಾದದ್ದೊಂದನ್ನು ನೋಡಬೇಕಾಗುತ್ತದೆಂದು ಹೊಳೆಯಿತು. ಅತ್ತ ಊಟದ ಹೊತ್ತೂ ಆಗಿತ್ತು. ಪಂಚರಿಬ್ಬರೂ ಒಟ್ಟಿಗೆ ಕೈ ಎತ್ತಿ “ಬರಾಬರಿ” ಎಂದರು. ಕುಸ್ತಿ ಸಮವಾದರೆ ಇನಾಮನ್ನು ಅರ್ಧರ್ಧ ಹಂಚುವುದು ರೂಢಿ. ಇಲ್ಲಿ ಇನಾಮೆಂದರೆ ನೆಲ. ನಡುವೆ ಗೆರೆ ಎಳೆದು ಅರ್ಧಕ್ಕೆ ಸಿಮೆಂಟು ಹಾಕಿದರು. ಸಿಮೆಂಟು ಜೇವರ್ಗಿಯಿಂದಲೇ ಬಂತೆಂದು ಬೇರೆ ಹೇಳಬೇಕಿಲ್ಲ.

ಅರ್ಧ ಮಣ್ಣಿನಲ್ಲಿ ಕುಸ್ತಿಯಾಗದು. ಪಟ್ಟು ಹಾಕಿದರೆ ಎದುರಾಳಿ ಸಿಮೆಂಟಿಗೆ ಬೀಳುತ್ತಾನೆ. ಅರ್ಧ ಸಿಮೆಂಟಿನಲ್ಲಿ ಜಿಮ್ಮೂ ಆಗದು. ನಿಂತಲ್ಲೇ ನಡೆಯುವ ರಬ್ಬರ್ ಪಟ್ಟಿಯ ಯಂತ್ರ ಇಟ್ಟರೆ ಡಂಬೆಲ್ಲಿಗೆ ಜಾಗವಿಲ್ಲ. ಎರಡನ್ನೂ ಕೆಡಿಸಿ ಅದಕ್ಕೆ ನ್ಯಾಯವೆಂದು ಹೆಸರಿಡುವ ಕಲೆ ನಮ್ಮವರಿಗೇ ಸಿದ್ಧಿಸಿದ್ದು ಎಂದು ಇಷ್ಟು ವರ್ಷ ಆಡಿಕೊಂಡು ತಿರುಗಿದೆ.

ಇಂದು ಬೆಳಿಗ್ಗೆ ಹೋದರೆ, ವಸ್ತಾದರು ಧೋತರ ಎತ್ತಿ ಕಟ್ಟಿ, ಬರಿಗಾಲಲ್ಲಿ ಯಂತ್ರದ ಮೇಲೆ ನಡೆಯುತ್ತಿದ್ದಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ್ದಂತೆ. ಗೆರೆಯ ಆಚೆ ಸಿದ್ದು ಗುದ್ದಲಿ ಹಿಡಿದು ಮಣ್ಣು ಮಗುಚುತ್ತಿದ್ದಾನೆ. ಕಾಕಾನ ಮೊಣಕಾಲು ಈಗ ಗುದ್ದಲಿ ಹಾಕುವಷ್ಟು ಬಾಗುವುದಿಲ್ಲವಂತೆ.

“ಆಳಕ್ಕ ಹಾಕಲೇ, ಮ್ಯಾಲ ಮ್ಯಾಲ ಕೆರಿಬ್ಯಾಡ.”

“ನೀವು ಸುಮ್ಮ ನಡೀರಿ ಕಾಕಾ.”

ಬರುವಾಗ ಒಂದು ಮಾತು ಚುಚ್ಚಬೇಕೆಂದು ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅದನ್ನು ಬದಿಗಿಟ್ಟು, ಸಿದ್ದುವಿನಿಂದ ಗುದ್ದಲಿ ಇಸಿದುಕೊಂಡು ನಾನೂ ನಾಲ್ಕು ಸಲ ಹಾಕಿದೆ. ಆಳಕ್ಕೆ ಹೋಗಲಿಲ್ಲವೆಂದು ಯಂತ್ರದ ಮೇಲಿನಿಂದ ಬೈಸಿಕೊಂಡೆ.

ಕೈಗವಸಿಲ್ಲದೆ ಸೊಂಟದ ಬಳಿ ಮುಷ್ಟಿ ಹಿಡಿದ ಮೀಸೆಯ ಬಾಕ್ಸರನ ಹೆಸರು ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ. ಹಚ್ಚೆಯವನದು ಗೊತ್ತಿದ್ದರೆ ಅದನ್ನೂ. ಇಬ್ಬರಲ್ಲಿ ಯಾರು ಗೆಲ್ಲುತ್ತಿದ್ದರು ಎಂಬುದೊಂದನ್ನು ಮಾತ್ರ ದಯವಿಟ್ಟು ಬರೆಯಬೇಡಿ. ಯಾರಾದರೂ ಗೆದ್ದರೆ ಇನ್ನರ್ಧ ಹೋಗುತ್ತದೆ.