ಏಳಡಿ ಪಕ್ಕಾಸಿನಲ್ಲಿ ಒತ್ತಿದ ಹಪ್ಪಳ

೨೦೨೦ನೇ ಇಸವಿಯ ಮೇ ತಿಂಗಳ ಮೂರನೆಯ ಗುರುವಾರ, ಬೆಳಿಗ್ಗೆ ಏಳು ಗಂಟೆ. ಮೀಂಜದ ನನ್ನ ಮನೆಯ ಜಗಲಿಯಲ್ಲಿ ಹಾಜರಿದ್ದವರು ನಾಲ್ವರು: ನಾನು, ನನ್ನ ಅಕ್ಕ, ಅಕ್ಕನ ಸೊಸೆ, ನೆರೆಮನೆಯ ನಿವೃತ್ತ ಅಂಗನವಾಡಿ ಟೀಚರ್. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಪಾಳಿ ಬದಲಾಗುವಾಗ ವರದಿಯನ್ನು ಹೀಗೆಯೇ ಆರಂಭಿಸಬೇಕಿತ್ತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಅಂದಿನ ಕೆಲಸ ಹಲಸಿನಕಾಯಿಯ ಹಪ್ಪಳ. ಬೇರೆ ವರ್ಷಗಳಲ್ಲಿ ಆಚೀಚೆ ಮನೆಯ ಹತ್ತು ಹನ್ನೆರಡು ಹೆಂಗಸರು ಸೇರುತ್ತಿದ್ದರು. ಒಂದು ಮಣೆಗೆ ಇಬ್ಬರು. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒಬ್ಬಳು ಉಂಡೆ ಇಡಬೇಕು, ಇನ್ನೊಬ್ಬಳು ಮೇಲಿನ ಮಣೆಗೆ ಮೈಭಾರ ಹಾಕಿ ಒತ್ತಬೇಕು. ನಾನು ಇಡುವವಳು, ಅಕ್ಕ ಒತ್ತುವವಳು. ನನ್ನ ಹನ್ನೆರಡನೇ ವಯಸ್ಸಿನಿಂದ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೇ ನಾವು ಒತ್ತಿದ್ದು. ಒಂದು ವರ್ಷದ ಸುದ್ದಿಯನ್ನೆಲ್ಲ ಅಕ್ಕ ಆಗ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲು ಸೊಸೆಯ ಮೇಲಿನ ದೂರು, ಉಳಿದದ್ದು ಸೊಸೆಯ ಹೊಗಳಿಕೆ.

ಆ ವರ್ಷ ಅಕ್ಕನಿಗೆ ಎಪ್ಪತ್ತನಾಲ್ಕು. ಉಬ್ಬಸ ಮೊದಲಿನಿಂದಲೂ ಇತ್ತು. ಮಾರ್ಚ್‌ನಿಂದ ಕೊರೊನಾದ ಭಯಕ್ಕೆ ಸೊಸೆ ಅವಳನ್ನು ಗೇಟು ದಾಟಲು ಬಿಟ್ಟಿರಲಿಲ್ಲ. ತಪ್ಪೆನ್ನಲಾರೆ. ಅಕ್ಕನನ್ನು ನೋಡುತ್ತಿದ್ದ ಡಾಕ್ಟರರು ಮಂಗಳೂರಿನಲ್ಲಿ. ನಮ್ಮೂರು ರಾಜ್ಯದ ಗಡಿಯ ಈಚೆ; ಆಚೆ ದಾಟಲು ಆಗ ಪಾಸು ಬೇಕಿತ್ತು. ಸೊಸೆ ಫೋನಿನಲ್ಲಿ ನನ್ನನ್ನೇ ಕೇಳಿದಳು: "ಇವರಿಗೆ ಉಸಿರು ಕಟ್ಟಿದ್ರೆ ನಾನು ಎಲ್ಲಿಗೆ ಕರ್ಕೊಂಡು ಹೋಗುದು, ಚಿಕ್ಕಮ್ಮ?"

ಈ ವರ್ಷ ಅವರವರ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಅಕ್ಕನಿಗೆ ಹೇಳಿದೆ.

"ಒಬ್ಬಳೇ ಕೂತು ಮಾಡ್ಲಿಕ್ಕೆ ಅದೆಂತ ಕಷಾಯವಾ? ನನಗೆ ಹಪ್ಪಳವೇ ಬೇಡ ಮಾರಾಯ್ತಿ," ಎಂದು ಫೋನ್ ಇಟ್ಟಳು. ಮತ್ತೆ ಮೂರು ದಿನ ನನ್ನ ಕರೆಗೆ ಬರಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಾಳೆ, ತಂಗಿಯ ಮನೆಯಲ್ಲಿ ಹಲಸು ಕೊಯ್ದರಾ ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ ಎಂದು ಸೊಸೆಯೇ ತಿಳಿಸಿದಳು.

ಒಂದೇ ಮಣೆ, ಇಬ್ಬರು, ನಡುವೆ ಆರಡಿಗೆ ಕಡಿಮೆ ಇಲ್ಲದ ಅಂತರ. ಇಷ್ಟು ಆಗಬೇಕಿತ್ತು. ಹಳೆಯ ದನದ ಹಟ್ಟಿಯ ಮಾಡಿನಿಂದ ಇಳಿಸಿದ್ದ, ಹೆಂಚು ಹೊರುವ ಏಳಡಿ ಉದ್ದದ ಮರದ ಪಕ್ಕಾಸೊಂದು ಹಿತ್ತಿಲಲ್ಲಿ ಬಿದ್ದಿತ್ತು. ಜಗಲಿಯ ಕಂಬದ ಬುಡದಲ್ಲಿ ದನ ಕಟ್ಟುತ್ತಿದ್ದ ಕಬ್ಬಿಣದ ಬಳೆ ಉಂಟು. ಪಕ್ಕಾಸಿನ ಒಂದು ತುದಿಯನ್ನು ಆ ಬಳೆಯೊಳಗೆ ತೂರಿಸಿ, ಅದರ ಹತ್ತಿರವೇ ಪಕ್ಕಾಸಿನ ಕೆಳಗೆ ಮಣೆ ಇಟ್ಟೆ. ಆಚೆ ತುದಿಯನ್ನು ಅದುಮಿದರೆ ಮೇಲಿನ ಮಣೆ ಒತ್ತುತ್ತದೆ. ನಾನು ಕಂಬದ ಬಳಿ, ಅಕ್ಕ ಅಂಗಳದ ಗಾಳಿಯಲ್ಲಿ ಕುರ್ಚಿಯ ಮೇಲೆ. ಮುಖಕ್ಕೆ ಮಾಸ್ಕ್, ನೀರಿನ ಬಾಟಲಿ ಅವರವರದೇ, ಬೇರೆಯವರು ಹಿಡಿದ ಸಾಮಾನನ್ನು ತೊಳೆಯದೆ ಮುಟ್ಟುವಂತಿಲ್ಲ, ಮನೆಯೊಳಗೆ ಯಾರೂ ಕಾಲಿಡುವಂತಿಲ್ಲ. ಇಷ್ಟನ್ನೂ ಬರೆದು ಸೊಸೆಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವಳು ಒಂದು ಸಾಲು ಸೇರಿಸಿದಳು: ಹನ್ನೊಂದು ಗಂಟೆಗೆ ವಾಪಸು.

ಅಂತೂ ಅಕ್ಕ ಬಂದಳು. ತೆಳ್ಳಗಾಗಿದ್ದಳು. ನಡೆದು ಬಂದ ಆಯಾಸಕ್ಕೆ ಕುರ್ಚಿಯ ಕೈ ಹಿಡಿದು ಕುಳಿತಳು. ನನ್ನ ಕಾಲು ತಾನಾಗಿ ಅವಳ ಕಡೆ ಎರಡು ಹೆಜ್ಜೆ ಹೋಯಿತು. ಸೊಸೆ ನೋಡಿದಳು. ನಾನು ಹಿಂದೆ ಬಂದೆ.

ಮೊದಲ ಉಂಡೆಯನ್ನು ಅಕ್ಕ ಐವತ್ತು ವರ್ಷದ ರೂಢಿಯ ಬಲದಿಂದಲೇ ಒತ್ತಿದಳು. ಹಿಟ್ಟು ಹಾಳೆಯ ನಾಲ್ಕೂ ಬದಿಗೆ ಹಾರಿತು. ಉದ್ದದ ಪಕ್ಕಾಸು ಕೈಬಲವನ್ನು ಎಷ್ಟೋ ಪಾಲು ಹೆಚ್ಚಿಸುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದದ್ದನ್ನು ಅಂಗನವಾಡಿ ಟೀಚರ್ ಬಿಸಿಲಿಗೆ ಹಿಡಿದು, ಇದು ಹಪ್ಪಳವಲ್ಲ, ಕನ್ನಡಕದ ಗಾಜು ಎಂದರು. ಮುಂದಿನದನ್ನು ಅಕ್ಕ ಎರಡೇ ಬೆರಳಿನಲ್ಲಿ ಅದುಮಿದಳು. ಅದು ದುಂಡಗೆ, ಒಂದೇ ದಪ್ಪಕ್ಕೆ ಬಂತು.

"ಇಂಥದ್ದು ಉಂಟು ಅಂತ ಮೊದಲೇ ಹೇಳ್ಲಿಕ್ಕೆ ನಿನಗೆಂತ ದಾಡಿ ಬಂದಿತ್ತು? ಇಷ್ಟು ವರ್ಷ ಸುಮ್ಮನೆ ಸೊಂಟ ಮುರ್ಕೊಂಡೆ."

ಕೆಲಸ ಹದಕ್ಕೆ ಬಂತು. ನಾನು ಒತ್ತಿದ್ದನ್ನು ಬಿಡಿಸಿ ಮೊರದಲ್ಲಿಟ್ಟರೆ ಟೀಚರ್ ಚಾಪೆಗೆ ಹಾಕುವರು, ಸೊಸೆ ಉಂಡೆ ಕಟ್ಟುವಳು. ಆದರೆ ಏಳಡಿ ದೂರದಿಂದ, ಮಾಸ್ಕಿನೊಳಗಿಂದ ಗುಟ್ಟು ಹೇಳುವುದು ಸಾಧ್ಯವಿರಲಿಲ್ಲ. ಅಕ್ಕ ಎರಡು ಸಲ ಏನೋ ಹೇಳಹೊರಟಳು. ಎರಡು ಸಲವೂ ಸೊಸೆಯ ಕಡೆ ನೋಡಿ, ಉಪ್ಪು ಸರಿ ಉಂಟು ಎಂದು ಮಾತು ತಿರುಗಿಸಿದಳು. ಮುಂದಿನ ಬೇಸಗೆಗೆ ಊರಿನಲ್ಲಿ ಕೊರೊನಾ ಇನ್ನೂ ಜೋರಾಗಿತ್ತು. ಅದರ ಮುಂದಿನ ಬೇಸಗೆಗೆ ಅಕ್ಕ ಇರಲಿಲ್ಲ; ಅವಳನ್ನು ಕೊಂಡುಹೋದದ್ದು ಹೃದಯದ ತೊಂದರೆ. ಆ ಒಂದು ವರ್ಷದ ಸುದ್ದಿ ನನಗೆ ಇಂದಿಗೂ ಗೊತ್ತಿಲ್ಲ. ದೊಡ್ಡ ವಿಷಯವೇನೂ ಇರಲಾರದು. ಆದರೂ ಹಪ್ಪಳದ ಕಾಲ ಬಂದಾಗ ಎಡಗಿವಿ ಅದನ್ನು ಕಾಯುತ್ತದೆ.

ಹನ್ನೊಂದಕ್ಕೆ ಸರಿಯಾಗಿ ಸೊಸೆ ಎದ್ದಳು. ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಅಕ್ಕ ನನ್ನ ನೆತ್ತಿಗೆ ತಿಕ್ಕುವುದು ಪದ್ಧತಿ. ನನಗೆ ತಲೆ ನರೆತ ಮೇಲೂ ಅದನ್ನು ಬಿಟ್ಟಿರಲಿಲ್ಲ. ಅಂದು ಅವಳ ಕೈಯಲ್ಲಿ ಎಣ್ಣೆಯೇ ಇರಲಿಲ್ಲ. ಹಾಳೆಗೆ ಎಣ್ಣೆ ಸವರಿದವಳು ನಾನು. ಸೊಸೆಯಿಂದ ಒಂದಿಷ್ಟು ಎಣ್ಣೆ ಕೇಳಿ ಅಂಗೈಗೆ ಹಾಕಿಸಿಕೊಂಡು, ಪಕ್ಕಾಸಿನ ತುದಿಗೆ ನಿಧಾನವಾಗಿ ಸವರಿದಳು.

"ನಾನು ಹೋದ ಮೇಲೆ ತೆಗೆದು ತಲೆಗೆ ಹಾಕ್ಕೋ. ನನ್ನ ಕೈ ಅಂತಲೇ ತಿಳ್ಕೋ."

ಸಂಜೆ ಐದೂವರೆಗೆ ಚಾಪೆಗಳನ್ನು ಒಳಗೆ ತಂದೆ. ಮಣೆ, ಹಾಳೆ, ಮೊರ, ಕುರ್ಚಿಗಳನ್ನು ಸೋಪಿನ ನೀರಿನಲ್ಲಿ ತೊಳೆದೆ. ಪಕ್ಕಾಸನ್ನು ಕೊನೆಗೆ ಉಳಿಸಿದ್ದೆ. ತುದಿಯಲ್ಲಿ ಎಣ್ಣೆ ಮರಕ್ಕೆ ಇಳಿದು ಕಪ್ಪಗಾಗಿತ್ತು, ಬೆರಳುಗಳ ಗೆರೆ ತೋರುತ್ತಿತ್ತು. ಬೇರೆಯವರು ಹಿಡಿದದ್ದನ್ನು ತೊಳೆಯದೆ ಮುಟ್ಟಬಾರದೆಂದು ಬರೆದು ಕಳಿಸಿದವಳು ನಾನೇ. ಬಕೆಟ್ ಪಕ್ಕದಲ್ಲಿಟ್ಟು ಆ ಗೆರೆಗಳತ್ತ ಕೈ ಚಾಚಿದೆ, ಮುಟ್ಟದೆ ಹಿಂದೆ ತೆಗೆದೆ. ಆಮೇಲೆ ನಾರಿನಿಂದ ಉಜ್ಜಿ, ಎರಡು ಸಲ ನೀರು ಹೊಯ್ದು, ಗೋಡೆಗೆ ಒರಗಿಸಿದೆ. ಆಗ ಗಂಟೆ ಆರೂ ಕಾಲು.